ಜೋಡಿ ಸೀನು

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ
ಒಂದು ಬಿಳಿ ಗುಳಿಗೆ, ಉಪ್ಪು ಕಡಿಮೆ,
ಕೊನೆಗೆ ಅಡಿಗೆರೆ ಎಳೆದು: ಧ್ಯಾನ.
ಅದಕ್ಕೇ ಬಂದು ಕೂತಿದ್ದೇನೆ
ಬ್ಯಾಡಗಿ ಯಾರ್ಡಿನ ಹಿಂದಿನ ಗೋದಾಮಿನ ಮಾಳಿಗೆಯಲ್ಲಿ,
ಖಾಲಿ ಚೀಲ ಮಡಿಸಿ, ಅದರ ಮೇಲೆ ಕುಂಡಿಯೂರಿ,
ಇಪ್ಪತ್ತೇಳು ವರ್ಷ ದಲಾಲಿ ಅಂಗಡಿಯ ಲೆಕ್ಕ ಬರೆದವನು.

ಸುತ್ತ ತೊಟ್ಟು ಬಿಡಿಸುವ ಹೆಂಗಸರು, ನಾಕಾರು ಹಮಾಲರು.
ಸುಮ್ಮನೆ ಕೂಡಲು ಬನ್ನಿ ಅಂತ
ಇದುವರೆಗೆ ಯಾರೂ ಅವರನ್ನು ಕರೆದಿರಲಿಲ್ಲವಂತೆ.

ಧಾರವಾಡದಿಂದ ಬಂದ ಗುರುಗಳು
ಇಸ್ತ್ರಿ ಮಾಡಿದ ಮೌನದಂಥವರು.
ಉಸಿರು ಬರಲಿ, ಹೋಗಲಿ ಎಂದರು.
ಸುಮ್ಮನೆ ನೋಡಿ. ಹತ್ತರವರೆಗೆ ಎಣಿಸಿ.

ಉಸಿರು ಬಂತು.
ಒಂಟಿಯಾಗಿ ಬರಲು ಇದೇನು ಧಾರವಾಡವೆ?
ಕೆಳಗೆ ಸಾವಿರ ಚೀಲ ಬಾಯಿ ಬಿಚ್ಚಿದ್ದವು,
ಕಡ್ಡಿ, ಡಬ್ಬಿ, ನಡುವೆ ಯಾರೋ ಕದ್ದು ಬೆರೆಸಿದ ಗುಂಟೂರು,
ಎಲ್ಲ ಮೆಟ್ಟಿಲು ಹತ್ತಿ
ಚಪ್ಪಲಿ ಬಿಡದೆ ಮೂಗಿನೊಳಗೆ ನಡೆದವು.

ಒಂದು. ಎರಡು.
ಗಂಟಲಲ್ಲಿ ಕೆಂಪಿರುವೆ.
ಮೂರು. ಹಸೀನಾಬಿ ಸೆರಗು ಕಚ್ಚಿದಳು.
ನಾಲ್ಕಕ್ಕೆ ಹಮಾಲ ಗದಿಗೆಪ್ಪ ಸೀನಿದ.

ಒಂದೇ ಸೀನು.

ನಮ್ಮ ಕಡೆ ಒಂಟಿ ಸೀನೆಂದರೆ
ಹೊರಟ ಗಾಡಿ ನಿಲ್ಲುತ್ತದೆ,
ಬರೆದ ದರ ಜೇಬಿಗೆ ಮರಳುತ್ತದೆ,
ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು ಸುಮ್ಮನಾಗುತ್ತಾರೆ.
ಎರಡನೆಯದು ಬರಬೇಕು.
ಕಾದೆವು.

ಕಣ್ಣು ಮುಚ್ಚಿದ ಹದಿನೆಂಟು ಮಂದಿ
ಒಬ್ಬ ಹಮಾಲನ ಮೂಗಿನ ತುದಿಯಲ್ಲಿ ನಿಂತೆವು.
ಫ್ಯಾನಿನ ಕಿರಕಿರ ಕೇಳಿಸಿತು, ದೂರದ ರೈಲು,
ಗದಿಗೆಪ್ಪನ ಎದೆ ಗಾಳಿ ತುಂಬಿಕೊಳ್ಳುವ ಸಣ್ಣ ಸಪ್ಪಳ.
ಬಂತು, ಬಂತು,
ಇಲ್ಲ, ಹೋಯಿತು.
ಮತ್ತೆ ಬಂತು.
ಇಷ್ಟು ಎಚ್ಚರ ನಾನು
ಮಾರ್ಚ್ ತಿಂಗಳ ಲೆಕ್ಕದಲ್ಲೂ ಇದ್ದವನಲ್ಲ.

ಹೀಗೆ ಕಾದಿದ್ದೆ ಒಮ್ಮೆ,
ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ, ಕಬ್ಬಿಣದ ಮಂಚದ ಪಕ್ಕ,
ಅಪ್ಪನ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ
ಬೆರಳು ಮಡಚುತ್ತ.
ಒಂದು ತಡವಾಯಿತು. ತಂಗಿ, ಹೋದ್ರು, ಅಂದಳು.
ಅಪ್ಪ ಕಣ್ಣು ತೆರೆಯದೆ:
"ಇನ್ನೂ ಅದೀನಿ. ಎಣಸೂದು ಬಿಡಲೇ ಗುಮಾಸ್ತ,
ಚಾ ಆರಾಕತ್ತೈತಿ, ಕುಡಿ."
ಕುಡಿದೆ. ಮೂವರೂ ನಕ್ಕೆವು.
ಲೋಟ ಕೆಳಗಿಡುವಷ್ಟರಲ್ಲಿ
ಎಣಿಸಲು ಏನೂ ಇರಲಿಲ್ಲ.

ಎರಡನೆಯ ಸೀನು ಬಂತು.
ಗದಿಗೆಪ್ಪನದಲ್ಲ,
ಗುರುಗಳದು.
ಇಸ್ತ್ರಿಯೆಲ್ಲ ಮುದುಡಿ ಹಾರಿದ ಕನ್ನಡಕ
ಕೊಟ್ರವ್ವನ ಮಡಿಲಿಗೆ ಬಿತ್ತು.
"ಜೋಡಿ ಆತ್ ಬಿಡ್ರೀಪಾ" ಅಂದು ಆಕೆ
ದಿನವಿಡೀ ಮೆಣಸಿನಕಾಯಿ ಮುಟ್ಟಿದ ಸೆರಗಿನಲ್ಲೇ
ಭಕ್ತಿಯಿಂದ ಒರೆಸಿ ಕೊಟ್ಟಳು.
ಅವರು ಹಾಕಿಕೊಂಡರು.

ಆಮೇಲಿನದನ್ನು ಏನು ಹೇಳಲಿ,
ಗದಿಗೆಪ್ಪ ಉರುಳಾಡಿದ,
ಹಸೀನಾಬಿಗೆ ಬಿಕ್ಕಳಿಕೆ ಹತ್ತಿತು,
ಗುರುಗಳ ಕಣ್ಣಿಂದ ಧಾರಾಕಾರ ನೀರು,
ಖಾರದ್ದೆಷ್ಟು, ನಗುವಿನದೆಷ್ಟು
ಪಾಲು ಮಾಡಲು ಬರುವಂತಿರಲಿಲ್ಲ.
ನಾನೂ ಒರೆಸಿಕೊಂಡೆ, ನನ್ನದರಲ್ಲಿ
ಆಸ್ಪತ್ರೆಯ ಚಹದ ಪಾಲೂ ಇತ್ತು.

ನಗು ಮೆಲ್ಲಗೆ ಮೆಟ್ಟಿಲಿಳಿದು ಹೋಯಿತು.
ಮಾಳಿಗೆಯಲ್ಲಿ ಒಂದು ಉಳಿಯಿತು,
ಯಾರೂ ಕರೆಯದೆ ಬಂದದ್ದು, ಸಪ್ಪಳವಿಲ್ಲದ್ದು.
ಯಾವ ಖಾತೆಗೆ ಬರೆಯುವುದೋ ತಿಳಿಯದೆ
ಹಾಗೇ ಬಿಟ್ಟೆ.
ಗುರುಗಳು ಗಂಟೆ ಬಾರಿಸುವುದನ್ನು ಮರೆತರು.

ಬಿಪಿ ಇಳಿದಿಲ್ಲ.
ಡಾಕ್ಟರು ಗುಳಿಗೆ ಬದಲಿಸಿದ್ದಾರೆ.
ಇಂದು ಹೊರಡುವಾಗ ಬಾಗಿಲಲ್ಲಿ ನಿಂತು ಹೆಂಡತಿ,
"ಧ್ಯಾನಕ್ಕ ಕರ್ಚೀಪು ಇಟ್ಕೊಂಡ್ರೇನು?"
ಇಟ್ಟುಕೊಂಡಿದ್ದೇನೆ.
ಎರಡು.